ಮಾತ್ರೆಯ ಮೇಲೆ ಹಾಲು

ಮಗಳ ಜ್ವರಕ್ಕೆಂದು ಆಸ್ಪತ್ರೆಯಲ್ಲಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಬಸುರಿ, ಜೊತೆಗೆ ಅವಳ ಅತ್ತೆ.

“ಥೈರಾಯ್ಡ್ ಮತ್ತೆ ಕಮ್ಮಿ ಬಂದಿದೆ ಅತ್ತೆ.”

“ದಿನಾ ಎದುರು ನಿಂತು ಮಾತ್ರೆ ನುಂಗಿಸ್ತೀನಿ. ಇನ್ನೇನು ಬೇಕಂತೆ ಅದಕ್ಕೆ?”

“ಅದನ್ನ ಬರೀ ನೀರಲ್ಲಿ ನುಂಗಬೇಕಂತೆ. ಅದರ ಹಿಂದೇನೇ ನೀವು ಹಾಲು, ರಕ್ತ ಹೆಚ್ಚೋಕೆ ಕೊಟ್ಟಿರೋ ಮಾತ್ರೆ ಎಲ್ಲಾ ಕೊಟ್ಬಿಟ್ರೆ ಅದು ಮೈಗೆ ಹತ್ತಲ್ಲ.”

“ಖಾಲಿ ಹೊಟ್ಟೆಗೆ ಮಾತ್ರೆ ಹಾಕಿ ಕರುಳು ಸುಟ್ಕೋತೀಯಾ? ಮೊದಲೇ ಮಲ ಕಟ್ಟಿಕೊಂಡು ಒದ್ದಾಡ್ತಿದ್ದೀಯ.”

“ಅದೂ ಥೈರಾಯ್ಡಿಂದಲೇ ಅಂತೆ. ಮಗು ಮೆದುಳು ಬೆಳೆಯೋಕೂ ಅದೇ ಬೇಕಂತೆ.”

“ಅಂತೆ, ಅಂತೆ. ಮೂರು ಹೆತ್ತಿದ್ದೀನಿ. ನನ್ನ ಮಕ್ಕಳಿಗೇನು ಮೆದುಳಿಲ್ವಾ?”

“ನಿಮ್ಮ ಮಗನ ಜೊತೆ ಸಂಸಾರ ಮಾಡೋಳು ನಾನು. ಅದನ್ನ ಮಾತ್ರ ಕೇಳ್ಬೇಡಿ.”

ಅತ್ತೆಗೂ ನಗು ಬಂತು. ಮರುಕ್ಷಣವೇ ದನಿ ತಗ್ಗಿಸಿದರು.

“ಒಳಗೆ ಹಾಲಿನ ವಿಷಯ ಎತ್ತಬೇಡ. ನನ್ನ ಮಾನ ಹೋಗತ್ತೆ.”

“ಡಾಕ್ಟ್ರು ಕೇಳಿದ್ರೆ?”

“ನಾನು ಹೇಳ್ಕೋತೀನಿ.”

ಅಷ್ಟರಲ್ಲಿ ನರ್ಸ್ ಕರೆದಳು. ಸೊಸೆ ಬೆಂಚು ಹಿಡಿದು ಎದ್ದಳು.

“ನೀವು ಇಲ್ಲೇ ಕೂತಿರಿ ಅತ್ತೆ. ಮಂಡಿ ನೋವಲ್ವಾ.”

“ನಿನ್ನೊಬ್ಬಳನ್ನೇ ಬಿಡೋಕಾಗತ್ತಾ?”

ಅತ್ತೆ ಅಕ್ಕರೆಯಿಂದಲೇ ಅವಳ ತೋಳು ಹಿಡಿದುಕೊಂಡು, ಅವಳಿಗಿಂತ ಮೊದಲು ಡಾಕ್ಟರ ಕೋಣೆಯ ಬಾಗಿಲು ತಳ್ಳಿದರು.