ಯೋಸಿನಾ ಮಡಿಸಿದ ಪುಸ್ತಕ

ಲೈಡನ್ ಪಟ್ಟಣದಿಂದ ಹೊರಟ, ದಡದ ಮೇಲಿನ ಕುದುರೆ ಎಳೆಯುವ ಕಾಲುವೆ ದೋಣಿಯಲ್ಲಿ ಲಾಂಬರ್ಟ್ ಪಾದ್ರಿಗಳು ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಕೂತಿದ್ದರು. ಎದುರಿಗೆ ಇಬ್ಬರು ಹೆಂಗಸರು: ಅಚ್ಚುಕೂಟದಲ್ಲಿ ಹಾಳೆ ಮಡಿಸುವ ಯೋಸಿನಾ, ಮೀನು ಮಾರುವ ಬಾರ್ತ್ಯೆ. ಅವರಿಬ್ಬರ ಮಾತು ಪಾದ್ರಿಗಳ ಕಿವಿಗೂ ಬೀಳುತ್ತಿತ್ತು.

“ಹುಬ್ರೆಖ್ತ್ ಪಂಡಿತರು ಬರೆದಿದ್ದೆಲ್ಲಾ ನನ್ ಕೈಮೇಲೇ ಹೋಗಿರೋದು ಕಣೇ. ಬೈಬಲಿನ ಕೀರ್ತನೆಗಳ ಟೀಕೆ, ಗ್ರೀಕ್ ನಾಟಕ, ಎಲ್ಲಾ.”

“ನಿಂಗೆ ನಿನ್ ಹೆಸರೇ ಓದಕ್ಕೆ ಬರಲ್ವಲ್ಲೇ!”

“ಬರದಿದ್ರೇನು? ಹದಿನಾರು ವರ್ಷದಲ್ಲಿ ಒಂದು ಹಾಳೆ ಹಿಂದುಮುಂದು ಆಗಿದ್ಯಾ ಕೇಳು. ಪಂಡಿತರೇ ಬಂದು ನನ್ ಮುಂದೆ ಟೋಪಿ ತೆಗೆದು ನಿಂತಿದ್ರು!”

“ಅಷ್ಟು ದಪ್ಪ ಪುಸ್ತಕ ಯಾರೇ ಓದ್ತಾರೆ?”

“ಪಾದ್ರಿಗಳ ತೊಡೆ ಮೇಲಿರೋದು ಅದೇ ಟೀಕೆ. ನನ್ ಮಡಿಕೆ ನಂಗೆ ಗೊತ್ತಾಗಲ್ವಾ?”

ಬಾರ್ತ್ಯೆ ತಿರುಗಿದಳು. “ಹೌದಾ ಸ್ವಾಮಿ? ಪೂರ್ತಿ ಓದಿದೀರಾ?”

“ಎರಡು ಸಲ,” ಎಂದರು ಪಾದ್ರಿಗಳು, ಎದೆಯುಬ್ಬಿಸಿ.

ದೋಣಿ ದಡ ಮುಟ್ಟಿತು. ಯೋಸಿನಾ ಬುಟ್ಟಿ ಎತ್ತಿಕೊಂಡು, ಬಗ್ಗಿ ಪುಸ್ತಕದ ಅಂಚಿನ ಮೇಲೆ ಬೆರಳಾಡಿಸಿದಳು. ಆಮೇಲೆ ಸೊಂಟದಲ್ಲಿದ್ದ ಹಾಳೆ ಕೊಯ್ಯುವ ಚಾಕು ತೆಗೆದು ಅವರ ಕೈಗಿಟ್ಟಳು.

“ಇಟ್ಕೊಳ್ಳಿ ಸ್ವಾಮಿ. ಅಂಚು ಕೊಯ್ದರೆ ತಾನೇ ಪುಟ ತೆರೆಯೋದು? ಮೂರನೇ ಮಡಿಕೆಯಿಂದಾಚೆ ಒಂದೂ ಕೊಯ್ದಿಲ್ಲ, ಎಲ್ಲಾ ನಾನು ಮಡಿಸಿಕೊಟ್ಟ ಹಾಗೇ ಇದೆ.”