ಸೋರದ ಬಾಗಿಲು

ಹೆಬ್ಬಾಳದ ಬಸ್ ನಿಲ್ದಾಣದಲ್ಲಿ ಜೋರು ಮಳೆ. ನನ್ನ ಪಕ್ಕ ಒಂದೇ ಕೊಡೆಯಡಿ ಗಂಡ ಹೆಂಡತಿ ನಿಂತಿದ್ದರು.

“ನಮ್ ಹಳೇ ಸ್ಪೋರ್ಟ್ಸ್ ಕಾರು ಸೋರೋದು ನಿಂತ್ಹೋಯ್ತು ಕಣೇ!”

“ಬಾಗಿಲಿಗೆ ಹೊಸ ರಬ್ಬರ್ ಹಾಕಿಸಿದ್ರಾ?”

“ರಬ್ಬರ್ ಚೆನ್ನಾಗೇ ಇತ್ತು. ಬಾಗಿಲ ಕೆಳಗೆ ನೀರು ಇಳಿದು ಹೋಗೋ ತೂತು ಮುಚ್ಕೊಂಡಿತ್ತು. ಗಾಜಿನ ಸಂದೀಲಿ ಇಳಿದ ನೀರು ಬಾಗಿಲೊಳಗೇ ತುಂಬಿ ಸೀಟಿಗೆ ಬರ್ತಿತ್ತು.”

“ಮುಚ್ಚಿದ್ಯಾರು?”

“ನಾನೇ. ನೀರು ಅಲ್ಲಿಂದ್ಲೇ ಒಳಗೆ ಬರುತ್ತೆ ಅಂದ್ಕೊಂಡು ಅಂಟು ಮೆತ್ತಿದ್ದೆ. ಇವತ್ತು ಕಿತ್ತು ಹಾಕ್ದೆ.”

ಆಕೆ ನಕ್ಕ ರಭಸಕ್ಕೆ ಕೊಡೆಯ ನೀರೆಲ್ಲ ನನ್ನ ಮೇಲೆ.

“ನೀನು ಸೀರೆ ಉಡ್ತಿದ್ದಾಗ ಪೈಪಲ್ಲಿ ನೀರು ಹೊಡೆದು ನೋಡ್ದೆ. ಒಂದ್ ಹನಿ ಒಳಗೆ ಬರ್ಲಿಲ್ಲ!”

“ಮತ್ತೆ ಮದುವೆಗೆ ರೇಷ್ಮೆ ಸೀರೆ ಉಟ್ಕೊಂಡು ಬಸ್ಸಿಗ್ಯಾಕ್ರೀ ಕಾಯ್ತಿದೀನಿ?”

“ಇಂಥಾ ಮಳೇಲಿ ಅದನ್ನ ಆಚೆ ತೆಗೆಯೋದಾ? ನೆನೆಯಲ್ವಾ ಪಾಪ!”

ಬಾಗಲೂರು ಬಸ್ ಬಂತು. ಆಕೆ ಕೊಡೆಯನ್ನು ಗಂಡನ ಕೈಗೆ ತುರುಕಿ, ನಗುತ್ತಲೇ ಹತ್ತಿದರು.

“ಹೋಗಿ, ಆ ಕಾರಿಗೇ ಹಿಡ್ಕೊಂಡು ನಿಂತ್ಕೊಳ್ಳಿ!”