ಎರಡನೇ ಅಳತೆ

ಬಾ, ಕೂತ್ಕೋ. ಕಾಲು ಕೊಡು, ಚಪ್ಪಲಿ ಬಿಚ್ತೀನಿ... ಯಾಕೆ ಎಳ್ಕೋತೀಯ?

ಸರಿ. ನೀನೇ ಬಿಚ್ಚು.

ಆಸ್ಪತ್ರೆಯಿಂದ ಬಸ್ಸಲ್ಲಿ ಬರೋವಾಗ್ಲೂ ತುಟಿ ಬಿಚ್ಚಲಿಲ್ಲ. ನಲವತ್ತು ವರ್ಷ ನೀನು ಮಾತಾಡಿದ್ದೀಯ, ನಾನು ಹೂಂಗುಟ್ಟಿದ್ದೀನಿ. ಇವತ್ತು ಉಲ್ಟಾ ಆಯ್ತಲ್ಲೇ ದೊರೆಸಾನಿ... ನಗು ಬರಲ್ವಾ? ಬಿಡು.

ಡಾಕ್ಟ್ರಮ್ಮ ಕೇಳಿದ್ದಕ್ಕೆ ತಲೆ ಕೆಡಿಸ್ಕೋಬೇಡ. "ಅವತ್ತು ಎಮ್ಮಾರೈ ಮಧ್ಯದಲ್ಲೇ ಹೆದರಿ ಎದ್ದು ಬಂದ್ರಂತಲ್ಲ?" ಅಂದ್ರು. ದಿನಕ್ಕೆ ನೂರು ಜನ ನೋಡ್ತಾರೆ. ಯಾರದೋ ಕಥೆ ನಿನ್ನ ತಲೆಗೆ ಕಟ್ಟಿದ್ರು... ಹಾಗೆ ನೋಡ್ಬೇಡ.

ನೀನು ಹೆದರಲಿಲ್ಲ. ನಂಗೊತ್ತಿಲ್ವಾ? ಮುಕ್ಕಾಲು ಗಂಟೆ ಬೋರಲು ಮಲಗಿದ್ದೆ. ಆ ಸದ್ದು ಹೊರಗೆ ಕೂತ ನನ್ನ ಹಲ್ಲಿಗೇ ಬಡೀತಿತ್ತು. ಎದ್ದು ಬಂದು ಏನಂದೆ? "ಇದಕ್ಕಿಂತ ನಿಮ್ಮ ಹೊಲಿಗೆ ಮಿಷನ್ನೇ ವಾಸಿ!" ಸ್ಕ್ಯಾನ್ ಮಾಡೋ ಹುಡುಗಿ ನಕ್ಕಿದ್ಳು.

ಇನ್ನೊಂದು ಮಾತೂ ಅಂದೆ. ನೆನಪಿದ್ಯಾ? "ಎರಡು ಸಲ ಕೀಮೋ ಆಯ್ತು. ಎದೆ ಗಡ್ಡೆ ಕರಗ್ತಿಲ್ಲ ಅಂತ ಇದ್ರಲ್ಲಿ ಬಂದ್ರೆ ಇನ್ನೊಂದು ತೊಟ್ಟು ತಗೊಳ್ಳಲ್ಲ. ಸಾಯೋದಾದ್ರೆ ವಾಂತಿ ಇಲ್ದೆ ಸಾಯ್ತೀನಿ." ಹಾಗಂದೆ ನೀನು. ಹಾಗಂದ್ಮೇಲೆ ನಾನು...

ನೀರು ಕುಡೀತೀಯಾ?

ಬೇಡ್ವಾ.

ರಿಪೋರ್ಟ್ ತರೋಕೆ ಒಬ್ನೇ ಹೋದೆ. ಬಂದು ಹೇಳಿದೆ, ಅರ್ಧ ಕರಗಿದೆ ಅಂತ. ಇಪ್ಪತ್ತೊಂದು ಮಿಲಿಮೀಟರ್. ಟೇಪಲ್ಲಿ ಉಗುರಿಟ್ಟು ತೋರಿಸಿದೆ. ದರ್ಜಿ ಅಳತೆ ಅಲ್ವಾ, ನೀನು ನಂಬಿದೆ. ಅವತ್ತು ಕೇಳಿ ಕೇಳಿ ಬಡಿಸ್ಕೊಂಡು ಉಂಡೆ. ಆಮೇಲೆ ನೀನು ಎರಡು ಸಲ ಅದೇ ಔಷಧಿಗೆ ಕೈ ನೀಡಿದೆ. ಉಗುರು ಕಪ್ಪಾಯ್ತು. "ಕರಗ್ತಿದೆಯಲ್ಲ, ಇರ್ಲಿ" ಅಂದೆ.

ಎಲ್ಲಿಗೆ ಎದ್ದೆ?

ಮೇಜಿನ ಕೆಳಗೆ ಏನಿದೆ? ಬಟ್ಟೆ ಕತ್ತರಿಸೋ ಕಾಗದ ಅಷ್ಟೇ. ಗಿರಾಕಿಗಳದ್ದು. ಕೆದಕಬೇಡ. ಕೆದಕಬೇಡ ಅಂದೆ!

...

ಹೂಂ. ಏನು ಬಚ್ಚಿಟ್ರೂ ಅಲ್ಲೇ ಇಡ್ತೀನಿ ಅಂತ ನಿಂಗೊತ್ತು.

ಅವತ್ತಿನ ಸ್ಕ್ಯಾನ್ ರಿಪೋರ್ಟೇ ಅದು. ಓದು.

ಬೈಯಿ. ಏನಾದ್ರೂ ಬೈಯೇ.

ಹೌದು. ಹೆದರಿ ಎದ್ದು ಬಂದ್ಳು, ಸ್ಕ್ಯಾನ್ ಆಗ್ಲಿಲ್ಲ ಅಂತ ಡಾಕ್ಟ್ರಮ್ಮನಿಗೆ ಹೇಳಿದ್ದು ನಾನೇ. ಈ ಔಷಧಿ ಹಿಡೀತಿಲ್ಲ ಅಂತ ಗೊತ್ತಾಗಿದ್ರೆ ಅವತ್ತೇ ಬೇರೆ ಔಷಧಿಗೆ ಬದಲಾಯಿಸ್ತಿದ್ರಂತೆ, ಇವತ್ತು ಡಾಕ್ಟ್ರಮ್ಮ ಅಂದ್ರಲ್ಲ. ಆ ಸ್ಕ್ಯಾನ್ ಇದ್ದದ್ದೇ ಅದಕ್ಕಂತೆ. ಬೇರೆ ಔಷಧಿ ಇದೆ ಅಂತ ನಂಗೆ... ನಾನು ಕೇಳ್ಲೇ ಇಲ್ಲ. ನೀನು ನಿಲ್ಲಿಸಿಬಿಡ್ತೀಯ ಅನ್ನೋದೊಂದೇ ತಲೇಲಿತ್ತು.

ಕೊಡು, ನಾನೇ ಓದ್ತೀನಿ.

ಮೊದಲ ಸ್ಕ್ಯಾನಲ್ಲಿ ಗಡ್ಡೆ ನಲವತ್ತೆರಡು ಮಿಲಿಮೀಟರ್. ಎರಡನೇ ಸಲವೂ ನಲವತ್ತೆರಡು.

ಇವತ್ತು ಡಾಕ್ಟ್ರಮ್ಮ ಅಳೆದು ಬರೆದದ್ದು, ಐವತ್ತೈದು.